ಕ್ರೋಕೆ ಆಟ ಮತ್ತು ಅದರ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೋಕೆ ಅಂದ್ರೆ ಏನು? ಕ್ರಿಕೆಟ್‌ನ ತಪ್ಪಾಗಿ ಬರೆದಿದ್ದೀರಾ?

ಇಲ್ಲ ಸ್ವಾಮಿ, ಇದು ಬೇರೆನೇ ಆಟ. ಚೆನ್ನಾಗಿ ಕತ್ತರಿಸಿದ ಹುಲ್ಲಿನ ಲಾನ್ ಮೇಲೆ ಕಬ್ಬಿಣದ ಕಮಾನುಗಳನ್ನ ನೆಟ್ಟಿರ್ತಾರೆ, ಅದಕ್ಕೆ ಹೂಪ್ ಅಂತಾರೆ, ಮಧ್ಯದಲ್ಲಿ ಒಂದು ಗೂಟ. ಕೈಯಲ್ಲಿ ಉದ್ದ ಹಿಡಿಯ ಮರದ ಸುತ್ತಿಗೆ, ನಮ್ಮಲ್ಲಿ ಕೊಡತಿ ಅಂತೀವಲ್ಲ ಆ ಥರದ್ದು, ಅವರು ಮ್ಯಾಲೆಟ್ ಅಂತಾರೆ. ಅದರಲ್ಲಿ ಚೆಂಡು ಹೊಡೆದು ಎಲ್ಲಾ ಕಮಾನಿನ ಒಳಗೆ ಸರಿಯಾದ ಆರ್ಡರ್‌ನಲ್ಲಿ ದಾಟಿಸಿ ಕೊನೆಗೆ ಗೂಟಕ್ಕೆ ತಾಗಿಸಬೇಕು. ಕೇಳೋಕೆ ಮಕ್ಕಳಾಟ ಅನ್ಸುತ್ತೆ. ಆಡೋರನ್ನ ಕೂತು ನೋಡಿದ್ರೆ ಗೊತ್ತಾಗುತ್ತೆ ಇದು ಎದುರಾಳಿಗೆ ಚೆಂಡು ಮುಟ್ಟೋಕೂ ಬಿಡದೆ ಗೆಲ್ಲಬಹುದಾದ ಪಕ್ಕಾ ಖತರ್ನಾಕ್ ಆಟ ಅಂತ, ಅದರ ಬಗ್ಗೆ ಕೆಳಗೆ ಹೇಳ್ತೀನಿ.

ಹೆಸರನ್ನ ಹೇಗೆ ಹೇಳೋದು? ಕ್ರಾಕೆಟ್? ಕ್ರೊಕ್ವೆಟ್?

ಕ್ರೋಕೆ. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಕೊನೆಗೆ ಟಿ ಇದೆ ಆದ್ರೆ ಅದನ್ನ ಹೇಳಲ್ಲ, ಫ್ರೆಂಚ್ ಸ್ಟೈಲು, ಬಫೆ ಊಟದಲ್ಲಿ ಟಿ ನುಂಗಿಬಿಡ್ತೀವಲ್ಲ ಹಾಗೆ. ಬ್ರಿಟಿಷರು 'ಕ್ರೋ' ಮೇಲೆ ಒತ್ತು ಹಾಕ್ತಾರೆ, ಅಮೆರಿಕದವರು 'ಕೆ' ಮೇಲೆ.

ಸರಿ, ಈ ಹೆಸರು ಬಂದಿದ್ದು ಎಲ್ಲಿಂದ?

ಹೆಚ್ಚು ಜನ ಒಪ್ಪೋ ಉತ್ತರ ಏನಂದ್ರೆ ಇದು ಉತ್ತರ ಫ್ರಾನ್ಸಿನ ಆಡುಮಾತಿನ ಪದ, ಅರ್ಥ ಬಾಗಿದ ಕೋಲು, ಕುರುಬರು ಕುರಿ ಹಿಡಿಯೋಕೆ ಇಟ್ಕೊಳ್ಳೋ ತುದಿ ಡೊಂಕಾದ ಕೋಲು. ಹಾಕಿ ಥರದ ಆಟದ ಕೋಲಿಗೂ ಇದೇ ಪದ ಬಳಸ್ತಿದ್ರು. ಅದರ ಬೇರು 'ಕ್ರೋ' ಅನ್ನೋ ಹಳೇ ಫ್ರೆಂಚ್ ಪದ, ಅಂದ್ರೆ ಕೊಂಡಿ, ಅದೂ ಫ್ರೆಂಚರ ಸ್ವಂತದ್ದಲ್ಲ, ವೈಕಿಂಗ್ ಜನರ ಹಳೇ ನಾರ್ಸ್ ಭಾಷೆಯ 'ಕ್ರೋಕ್ರ್' ಅನ್ನೋದರಿಂದ ಬಂದಿದ್ದು. ವೈಕಿಂಗ್‌ಗಳು 10ನೇ ಶತಮಾನದಲ್ಲಿ ಫ್ರಾನ್ಸಿನ ಉತ್ತರಕ್ಕೆ ಬಂದು ತಳ ಊರಿದ ಜಾಗನೇ ನಾರ್ಮಂಡಿ. ಇಂಗ್ಲಿಷ್‌ನ 'ಕ್ರುಕ್' ಕೂಡ ಅದೇ ನಾರ್ಸ್ ಪದದ್ದೇ ಮರಿ, ಮೊದಲು ಬಾಗಿದ ಕೋಲು, ಆಮೇಲೆ ಡೊಂಕು ಬುದ್ಧಿಯ ಕಳ್ಳ.

ಇನ್ನೊಂದು ಮಜಾ ಇದೆ. ಪ್ಯಾರಿಸ್ ಕಡೆಯ ಫ್ರೆಂಚಲ್ಲಿ 'ಶ' ಆಗಿರೋ ಎಷ್ಟೋ ಪದ ನಾರ್ಮಂಡಿ ಕಡೆ 'ಕ' ಆಗೇ ಉಳ್ಕೊಂಡಿದೆ. ಪ್ಯಾರಿಸಲ್ಲಿ ಕೋಟೆಗೆ ಶಾತೋ ಅಂತಾರೆ, ನಾರ್ಮಂಡಿಯಿಂದ ಇಂಗ್ಲಿಷಿಗೆ ಹೋಗಿದ್ದು ಕ್ಯಾಸಲ್. ಅದೇ ಲೆಕ್ಕದಲ್ಲಿ ನಾರ್ಮಂಡಿಯ ಕ್ರೋಕೆಗೆ ಪ್ಯಾರಿಸ್ ರೂಪ ಕ್ರೋಶೆ, ಅಂದ್ರೆ ಪುಟ್ಟ ಕೊಂಡಿ. ಎಲ್ಲೋ ಕೇಳಿದ ಹಾಗಿದ್ಯಾ? ಹೌದು, ನಮ್ಮ ಮನೆಗಳಲ್ಲಿ ಟಿವಿ ಮೇಲೆ ಹೊದಿಸೋಕೆ, ಬಾಗಿಲಿಗೆ ತೋರಣ ಮಾಡೋಕೆ ಅಜ್ಜಿ, ಅತ್ತೆ ಎಲ್ಲಾ ಹಾಕ್ತಿದ್ದ ಕ್ರೋಶಾ! ಆ ಡೊಂಕು ಮೂತಿಯ ಕಡ್ಡಿಯಿಂದ ಹೆಣಿಗೆಗೆ ಹೆಸರು ಬಂತು, ಡೊಂಕು ಕೋಲಿಂದ ಆಟಕ್ಕೆ ಹೆಸರು ಬಂತು, ಎರಡೂ ಒಂದೇ ಪದದ ಎರಡು ರೂಪ.

ಆದ್ರೆ ಮ್ಯಾಲೆಟ್ ನೆಟ್ಟಗಿರುತ್ತಲ್ಲ, ಡೊಂಕು ಎಲ್ಲಿದೆ?

ಒಳ್ಳೇ ಪ್ರಶ್ನೆ. ಹೆಸರಿಗೂ ಈಗಿನ ಆಟದ ಸಾಮಾನಿಗೂ ತಾಳೆ ಆಗಲ್ಲ, ಹೆಸರು ಹಳೇ ಕೋಲಿನದ್ದು, ಕೋಲು ಬದಲಾದ್ರೂ ಹೆಸರು ಉಳ್ಕೊಂಡಿದೆ. ಇದಕ್ಕೇ ಕೆಲವರು ಫ್ರೆಂಚ್‌ನ 'ಕ್ರೋಕೆ' ಕ್ರಿಯಾಪದ, ಅಂದ್ರೆ ಕಟಕ್ ಅಂತ ಕಡಿಯೋದು ಅನ್ನೋದರಿಂದ ಬಂತು, ಚೆಂಡಿಗೆ ಚೆಂಡು ಬಡಿಯೋ ಸದ್ದೇ ಕಾರಣ ಅಂತಾರೆ. ನಂಗೆ ಅದು ಅಷ್ಟು ಒಪ್ಪಿಗೆ ಆಗಲ್ಲ. ಕೋಲಿಂದ ಆಟಕ್ಕೆ ಹೆಸರು ಬರೋದು ತುಂಬಾ ಕಾಮನ್, ಕ್ರಿಕೆಟ್ ಅನ್ನೋ ಹೆಸರನ್ನೂ ಕೋಲು ಅನ್ನೋ ಹಳೇ ಪದಕ್ಕೇ ಜೋಡಿಸ್ತಾರೆ, ಹಾಕಿಯನ್ನೂ ಅಷ್ಟೇ.

ಕನ್ನಡದ 'ಕೊಕ್ಕೆ'ಗೂ 'ಕ್ರೋಕೆ'ಗೂ ಸಂಬಂಧ ಇದೆ ಅಂತ ವಾಟ್ಸಾಪಲ್ಲಿ ಬಂದಿತ್ತು, ನಿಜಾನಾ?

ಇಲ್ಲ. ಸದ್ದು ಹತ್ತಿರ ಇದೆ, ಅರ್ಥನೂ ಹತ್ತಿರ ಇದೆ, ಅಷ್ಟೇ, ಕಾಕತಾಳೀಯ. ನಮ್ಮ ಕೊಕ್ಕೆ ದ್ರಾವಿಡ ಪದ, ಆ ಕ್ರೋಕ್ರ್ ವೈಕಿಂಗ್‌ಗಳದ್ದು. ನೆನಪಿಟ್ಕೊಳ್ಳೋಕೆ ಮಾತ್ರ ಸಕತ್ ಉಪಯೋಗ, ಕ್ರೋಕೆ ಅಂದ್ರೆ ಕೊಕ್ಕೆ ಕೋಲು ಅಂತ ಅಂದ್ಕೊಂಡ್ರೆ ಮರೆಯಲ್ಲ. ಫಾರ್ವರ್ಡ್ ಮಾಡಬೇಡಿ ಅಷ್ಟೇ.

ಹೋಟೆಲ್ ಮೆನುವಿನಲ್ಲಿರೋ ಕ್ರೊಕೆಟ್?

ಅದು ಕಟಕ್ ಅಂತ ಕಡಿಯೋ ಪದದ್ದೇ. ಹೊರಗೆ ಗರಿಗರಿ ಇರುತ್ತಲ್ಲ, ಅದಕ್ಕೆ. ಆಟಕ್ಕೆ ಸಂಬಂಧ ಇಲ್ಲ.

ಶಾಪಿಂಗ್ ಮಾಲ್‌ನ ಹೆಸರು ಈ ಆಟದಿಂದ ಬಂದಿದ್ದಂತೆ?

ಕ್ರೋಕೆಯಿಂದ ಅಲ್ಲ, ಅದಕ್ಕಿಂತ ಹಳೇ ಇನ್ನೊಂದು ಆಟದಿಂದ, ಆದ್ರೆ ವಿಷಯ ನಿಜ. ಇಟಲಿಯಲ್ಲಿ ಪಲ್ಲಾಮಾಲ್ಯೊ ಅಂತ ಆಟ ಇತ್ತು, ಪಲ್ಲಾ ಅಂದ್ರೆ ಚೆಂಡು, ಮಾಲ್ಯೊ ಅಂದ್ರೆ ಸುತ್ತಿಗೆ. ಉದ್ದಕ್ಕಿರೋ ಓಣಿಯಲ್ಲಿ ಚೆಂಡು ಹೊಡ್ಕೊಂಡು ಹೋಗಿ ಎತ್ತರದಲ್ಲಿರೋ ಕಬ್ಬಿಣದ ಬಳೆ ಒಳಗೆ ಹಾಕೋದು, ಕಮ್ಮಿ ಹೊಡೆತದಲ್ಲಿ ಹಾಕಿದವನು ಗೆದ್ದ. ಫ್ರಾನ್ಸ್ ಮೂಲಕ ಲಂಡನ್‌ಗೆ ಬರೋಷ್ಟರಲ್ಲಿ ಅದು ಪಾಲ್ ಮಾಲ್ ಆಯ್ತು, 2ನೇ ಚಾರ್ಲ್ಸ್ ರಾಜನಿಗೆ ಅದರ ಹುಚ್ಚು, ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ ಅದಕ್ಕಂತಲೇ ಓಣಿ ಮಾಡಿಸಿದ್ದ. ಸಾಮ್ಯುಯೆಲ್ ಪೀಪ್ಸ್ ಅನ್ನೋ ಅಧಿಕಾರಿ 1661ರ ಏಪ್ರಿಲ್‌ನಲ್ಲಿ ರಾಜನ ತಮ್ಮ ಅಲ್ಲಿ ಆಡೋದನ್ನ ನೋಡಿದೆ ಅಂತ ಡೈರಿಯಲ್ಲಿ ಬರ್ಕೊಂಡಿದ್ದಾನೆ.

ಆಟ ಹೋಯ್ತು, ಓಣಿ ಉಳೀತು. ಮರಗಳ ನೆರಳಲ್ಲಿ ದೊಡ್ಡವರು ವಾಕಿಂಗ್ ಹೋಗೋ ದಾರಿಗೆಲ್ಲಾ 'ಮಾಲ್' ಅನ್ನೋಕೆ ಶುರು ಮಾಡಿದ್ರು. ಬ್ರಿಟಿಷರು ಅದನ್ನ ಶಿಮ್ಲಾ, ಮಸ್ಸೂರಿ, ನೈನಿತಾಲ್‌ಗೆ ತಂದ್ರು, ಅದೇ ಮಾಲ್ ರೋಡ್. ಆಮೇಲೆ ಅಮೆರಿಕದಲ್ಲಿ ಗಾಡಿ ಓಡಾಡದ ಅಂಗಡಿ ಬೀದಿಗೆ ಆ ಹೆಸರು ಇಟ್ರು, ಅದಕ್ಕೆ ಸೂರು, ಎಸಿ ಬಂತು. ಹಾಗಾಗಿ ಬೆಂಗಳೂರಲ್ಲಿ ಶನಿವಾರ ಪಾರ್ಕಿಂಗ್ ಸಿಗದೆ ಬೇಸ್‌ಮೆಂಟಲ್ಲಿ ಸುತ್ತು ಹಾಕುವಾಗ ನೀವು ಒಂದು ಸುತ್ತಿಗೆಯ ಹೆಸರಿನ ಜಾಗದಲ್ಲಿದ್ದೀರಾ.

ಪಾಲ್ ಮಾಲೇ ಕ್ರೋಕೆಯ ಅಪ್ಪ ಅಂತ ಹಳೇ ಪುಸ್ತಕಗಳಲ್ಲಿ ಇರುತ್ತೆ. ಈಗಿನವರು ಅಷ್ಟು ಒಪ್ಪಲ್ಲ, ನಡುವೆ ತುಂಬಾ ವರ್ಷದ ಗ್ಯಾಪ್ ಇದೆ, ಆಡೋ ರೀತಿನೂ ಬೇರೆ.

ಹಾಗಾದ್ರೆ ಕ್ರೋಕೆ ಹುಟ್ಟಿದ್ದು ಎಲ್ಲಿ, ಫ್ರಾನ್ಸಾ ಇಂಗ್ಲೆಂಡಾ?

ಹುಟ್ಟಿದ್ದು ಎಲ್ಲಿ ಅಂತ ಪಕ್ಕಾ ಗೊತ್ತಿಲ್ಲ, ಆದ್ರೆ ಇಂಗ್ಲೆಂಡಿಗೆ ಬಂದಿದ್ದು ಐರ್ಲೆಂಡಿಂದ. ಅಲ್ಲಿ 'ಕ್ರೂಕಿ' ಅಂತ ಒಂದು ಆಟ 1830ರ ದಶಕದಿಂದಲೇ ಇತ್ತು ಅಂತಾರೆ. 1850ರ ಆಸುಪಾಸಿಗೆ ಇಂಗ್ಲೆಂಡಿನ ಶ್ರೀಮಂತರ ಮನೆ ಲಾನ್‌ಗಳಿಗೆ ಬಂತು. 1856ರಲ್ಲಿ ಐಸಾಕ್ ಸ್ಪ್ರಾಟ್ ಅನ್ನೋ ಲಂಡನ್ ವ್ಯಾಪಾರಿ ಆಟದ ರೂಲ್ಸ್ ಅಚ್ಚು ಹಾಕಿಸಿ ರಿಜಿಸ್ಟರ್ ಮಾಡಿಸಿದ, ಆದ್ರೆ ದುಡ್ಡು ಮಾಡ್ಕೊಂಡಿದ್ದು ಜಾನ್ ಜಾಕ್ಸ್ ಅನ್ನೋ ಆಟದ ಸಾಮಾನು ತಯಾರಕ, ಪೆಟ್ಟಿಗೆಗಟ್ಟಲೆ ಸೆಟ್ ಮಾಡಿ ಮಾರಿದ.

ಆಟ ಹರಡೋಕೆ ಇನ್ನೊಂದು ಕಾರಣ ಇದೆ, ನನ್ನ ಪ್ರಕಾರ ಅದೇ ಮುಖ್ಯ. 1830ರಲ್ಲಿ ಗ್ಲಾಸ್ಟರ್‌ಶೈರ್ ಕಡೆಯ ಎಡ್ವಿನ್ ಬಡ್ಡಿಂಗ್ ಅನ್ನೋನು ಹುಲ್ಲು ಕತ್ತರಿಸೋ ಮೆಷಿನ್‌ಗೆ ಪೇಟೆಂಟ್ ತಗೊಂಡ. ಅದಕ್ಕೂ ಮುಂಚೆ ಲಾನ್ ಅಂದ್ರೆ ಕುರಿ ಮೇಯಿಸಬೇಕು ಇಲ್ಲಾ ಕುಡುಗೋಲು ಹಿಡಿದ ಆಳುಗಳು ಬೇಕು. ಮೆಷಿನ್ ಬಂದ್ಮೇಲೆ ಮಧ್ಯಮ ವರ್ಗದವರ ಹಿತ್ತಲಲ್ಲೂ ಚಾಪೆ ಹಾಸಿದಂಗೆ ಲಾನ್ ಆಯ್ತು. ಲಾನ್ ಇಲ್ದೆ ಕ್ರೋಕೆ ಎಲ್ಲಿ ಆಡ್ತೀರಾ.

ಅಷ್ಟು ಬೇಗ ಯಾಕೆ ಹುಚ್ಚು ಹಿಡೀತು ಜನಕ್ಕೆ?

ಹೆಣ್ಮಕ್ಕಳೂ ಗಂಡಸರೂ ಒಟ್ಟಿಗೆ ಬಯಲಲ್ಲಿ ಆಡಬಹುದಾದ ಆಟ ಆಗ ತುಂಬಾ ಕಮ್ಮಿ ಇತ್ತು, ಅದಕ್ಕೆ. ದೊಡ್ಡವರು ವರಾಂಡಾದಲ್ಲಿ ಟೀ ಕುಡೀತಾ ಇರ್ತಾರೆ, ಹುಡುಗ ಹುಡುಗಿ ಪೊದೆ ಹತ್ರ ಹೋದ ಚೆಂಡು ಹುಡುಕ್ತಾ ಇರ್ತಾರೆ, ಬಿಡಿಸಿ ಹೇಳಬೇಕಾ. ಆಗಿನ ರೂಲ್‌ನಲ್ಲಿ ಎದುರಾಳಿಯ ಚೆಂಡಿಗೆ ನಿಮ್ಮ ಚೆಂಡನ್ನ ತಾಗಿಸಿಟ್ಟು, ನಿಮ್ಮದರ ಮೇಲೆ ಕಾಲಿಟ್ಟು ಹೊಡೀಬಹುದಿತ್ತು, ಆಗ ನಿಮ್ಮದು ಅಲ್ಲೇ ಇರುತ್ತೆ, ಅವರದ್ದು ಹಾರಿ ಹೋಗುತ್ತೆ. ಇದಕ್ಕೆ ಟೈಟ್ ಕ್ರೋಕೆ ಅಂತಾರೆ. ಕಾಲಿಡೋವಾಗ ಉದ್ದ ಲಂಗ ಸ್ವಲ್ಪ ಎತ್ತಬೇಕು, ಕಣಕಾಲು ಕಾಣುತ್ತೆ, ಪತ್ರಿಕೆಗಳಲ್ಲಿ ಇದರ ಮೇಲೇ ಕಾರ್ಟೂನ್ ಬರ್ತಿತ್ತು. ಅಗಲ ಲಂಗದ ಕೆಳಗೆ ಚೆಂಡು ಮುಚ್ಚಿಟ್ಟು ಮೋಸ ಮಾಡ್ತಾರೆ ಅಂತ ಬೇರೆ ಕಂಪ್ಲೇಂಟ್. ಈಗ ಕಾಲಿಡೋ ಹಾಗಿಲ್ಲ, ಸೀರಿಯಸ್ ಆಟದಲ್ಲಿ ಅದು ಯಾವಾಗಲೋ ಹೋಯ್ತು.

ಗಂಡು ಹೆಣ್ಣು ಒಟ್ಟಿಗೆ ಆಡೋದು ಮಾತ್ರ ಹೋಗಲಿಲ್ಲ. 1905ರಲ್ಲಿ ಲಿಲಿ ಗವರ್ ಅನ್ನೋ ಮಹಿಳೆ ಗಂಡಸರೂ ಇರೋ ಓಪನ್ ಚಾಂಪಿಯನ್‌ಷಿಪ್ಪನ್ನೇ ಗೆದ್ರು. ಡೊರೊಥಿ ಸ್ಟೀಲ್ ಅದನ್ನ 4 ಸಲ ಗೆದ್ರು, 1925ರಿಂದ 1936ರ ಒಳಗೆ.

ವಿಂಬಲ್ಡನ್ ಮೊದಲು ಕ್ರೋಕೆ ಕ್ಲಬ್ ಆಗಿತ್ತಾ? ಸುಮ್ನೆ ಹೇಳ್ತಿದ್ದೀರಾ?

ಸತ್ಯವಾಗ್ಲೂ. 1868ರಲ್ಲಿ ಆಲ್ ಇಂಗ್ಲೆಂಡ್ ಕ್ರೋಕೆ ಕ್ಲಬ್ ಅಂತಲೇ ಶುರುವಾಗಿದ್ದು, ಟೆನಿಸ್ ಹೆಸರೇ ಇರಲಿಲ್ಲ. ವಿಂಬಲ್ಡನ್‌ನ ವರ್ಪಲ್ ರೋಡಲ್ಲಿ ಜಾಗ ಬಾಡಿಗೆಗೆ ತಗೊಂಡ್ರು. 1875ರಲ್ಲಿ ಒಂದು ಲಾನ್ ಟೆನಿಸ್‌ಗೆ ಬಿಟ್ಕೊಟ್ರು, ಪಾಪ ಹೊಸ ಆಟ ಆಡ್ಕೊಳ್ಳಲಿ ಅಂತ. 1877ಕ್ಕೆ ಕ್ಲಬ್ ಹೆಸರಿಗೆ ಲಾನ್ ಟೆನಿಸ್ ಸೇರ್ತು, ಅದೇ ವರ್ಷ ಮೊದಲ ವಿಂಬಲ್ಡನ್ ಟೂರ್ನಮೆಂಟ್, ಅದನ್ನ ಮಾಡಿದ್ದು ಲಾನ್ ಸಮ ಮಾಡೋಕೆ ಕುದುರೆ ಎಳೆಯೋ ರೋಲರ್ ಕೆಟ್ಟಿತ್ತು, ರಿಪೇರಿಗೆ ದುಡ್ಡು ಬೇಕಿತ್ತು ಅದಕ್ಕೆ ಅಂತ ಕಥೆ ಇದೆ. 1882ರಲ್ಲಿ ಹೆಸರಿಂದ ಕ್ರೋಕೆಯನ್ನೇ ಕಿತ್ತು ಹಾಕಿದ್ರು! ಬಾಡಿಗೆಗೆ ಬಂದವನು ಮನೆ ಮಾಲೀಕನನ್ನೇ ಹೊರಗೆ ಹಾಕಿದಂಗೆ. 1899ರಲ್ಲಿ ಮನಸ್ಸು ಬದಲಾಯಿಸಿ ಮತ್ತೆ ಸೇರಿಸಿದ್ರು, ಇವತ್ತಿಗೂ ಅಫಿಶಿಯಲ್ ಹೆಸರು ಆಲ್ ಇಂಗ್ಲೆಂಡ್ ಲಾನ್ ಟೆನಿಸ್ ಅಂಡ್ ಕ್ರೋಕೆ ಕ್ಲಬ್.

ಟೆನಿಸ್ ಅಷ್ಟು ಸಲೀಸಾಗಿ ಗೆದ್ದಿದ್ದಕ್ಕೆ ಕಾರಣ ಸಿಂಪಲ್, ಕ್ರೋಕೆಯವರು ಸಮ ಮಾಡಿಟ್ಟ ಲಾನ್ ಎಲ್ಲಾ ಕಡೆ ರೆಡಿ ಇತ್ತು, ನೆಟ್ ಕಟ್ಟಿದ್ರೆ ಮುಗೀತು. ಜೊತೆಗೆ ಕ್ರೋಕೆಯಲ್ಲಿ ಒಬ್ಬ ಆಡ್ತಿದ್ರೆ ಇನ್ನೊಬ್ಬ ಕುರ್ಚಿ ಮೇಲೆ ಕೂರಬೇಕು.

ಕುರ್ಚಿ ಮೇಲೆ ಯಾಕೆ? ರೂಲ್ಸ್ ಸ್ವಲ್ಪ ಬಿಡಿಸಿ ಹೇಳಿ.

ಅಸೋಸಿಯೇಷನ್ ಕ್ರೋಕೆ ಅಂತ ಒಂದು ಬಗೆ ಇದೆ, ಅದನ್ನೇ ಹೇಳ್ತೀನಿ. ಮೈದಾನ 35 ಗಜ ಉದ್ದ 28 ಗಜ ಅಗಲ. 6 ಹೂಪ್, 1 ಗೂಟ, 4 ಚೆಂಡು, ನೀಲಿ-ಕಪ್ಪು ಒಬ್ಬರದ್ದು, ಕೆಂಪು-ಹಳದಿ ಇನ್ನೊಬ್ಬರದ್ದು. ಪ್ರತಿ ಚೆಂಡೂ 6 ಹೂಪನ್ನ ಎರಡೆರಡು ಸಲ ದಾಟಿ ಗೂಟ ಮುಟ್ಟಬೇಕು, ಅಲ್ಲಿಗೆ 13 ಪಾಯಿಂಟ್, ಎರಡು ಚೆಂಡಿಗೆ 26, ಮೊದಲು ಮುಗಿಸಿದವರು ಗೆದ್ರು.

ನಿಮ್ಮ ಸರದಿಗೆ ಒಂದೇ ಹೊಡೆತ. ಆದ್ರೆ ಹೂಪ್ ದಾಟಿದ್ರೆ ಇನ್ನೊಂದು ಹೊಡೆತ ಸಿಗುತ್ತೆ. ಬೇರೆ ಚೆಂಡಿಗೆ ಹೊಡೆದ್ರೆ ಎರಡು ಸಿಗುತ್ತೆ, ಗೋಲಿ ಆಟದಲ್ಲಿ ಬೇರೆಯವರ ಗೋಲಿಗೆ ಹೊಡೆದ್ರೆ ಮತ್ತೆ ಚಾನ್ಸ್ ಕೊಡ್ತಿದ್ವಲ್ಲ ಅದೇ ಲೆಕ್ಕ. ಹೀಗೆ ತಾಗಿಸೋದಕ್ಕೆ ರೋಕೆ ಅಂತಾರೆ. ತಾಗಿಸಿದ್ಮೇಲೆ ನಿಮ್ಮ ಚೆಂಡು ಎತ್ತಿ ಆ ಚೆಂಡಿಗೆ ಅಂಟಿಸಿ ಇಟ್ಟು ನಿಮ್ಮದಕ್ಕೆ ಹೊಡೀಬೇಕು, ಎರಡೂ ಚಲಿಸುತ್ತೆ. ಈ ಹೊಡೆತದ ಹೆಸರೇ ಕ್ರೋಕೆ! ಇಲ್ಲೇ ಇರೋದು ಕೈಚಳಕ. ಚೂಪಾಗಿ ಹೊಡೆದು ಮ್ಯಾಲೆಟ್ ನಿಲ್ಲಿಸಿಬಿಟ್ರೆ ನಿಮ್ಮ ಚೆಂಡು ಹತ್ರದಲ್ಲೇ ನಿಲ್ಲುತ್ತೆ, ಮುಂದಿನದು ದೂರ ಹೋಗುತ್ತೆ. ಮ್ಯಾಲೆಟ್ ಹಿಡಿ ಮುಂದಕ್ಕೆ ಬಗ್ಗಿಸಿ ತಳ್ಕೊಂಡು ಹೋದ ಹಾಗೆ ಹೊಡೆದ್ರೆ ಎರಡೂ ಜೊತೆಜೊತೆಗೆ ಉರುಳುತ್ತೆ. ಆಮೇಲೆ ಇನ್ನೊಂದು ಹೊಡೆತ ಬಾಕಿ ಇರುತ್ತೆ, ಅದರಲ್ಲಿ ಮೂರನೇ ಚೆಂಡಿಗೆ ತಾಗಿಸ್ತೀರಿ, ಮತ್ತೆ ಎರಡು. ಪ್ರತಿ ಚೆಂಡನ್ನೂ ಹೀಗೆ ಒಂದೊಂದು ಸಲ ಬಳಸಬಹುದು, ಹೂಪ್ ದಾಟಿದ ತಕ್ಷಣ ಲೆಕ್ಕ ಸೊನ್ನೆಯಿಂದ ಶುರು. ಅಂದ್ರೆ ಒಳ್ಳೇ ಆಟಗಾರ ಮುಂದಿನ ಹೂಪ್ ಹತ್ರ ಒಂದು ಚೆಂಡು, ಅದರ ಮುಂದಿನದರ ಹತ್ರ ಇನ್ನೊಂದು ಅಂತ ಮೊದಲೇ ಕಳಿಸಿಟ್ಟು ಒಂದೇ ಸರದಿಯಲ್ಲಿ 12 ಹೂಪ್ ಮುಗಿಸಿಬಿಡ್ತಾನೆ. ಅಷ್ಟೊತ್ತೂ ಎದುರಾಳಿ ಕುರ್ಚಿ ಮೇಲೆ ಕೂತು ನೋಡಬೇಕು. ಸುಮ್ನೆ.

ಎದುರಾಳಿ ಚೆಂಡನ್ನ ಮೈದಾನದ ಹೊರಗೇ ಅಟ್ಟಿಬಿಟ್ರೆ ಆಗಲ್ವಾ ಅಂದ್ರೆ, ಕ್ರೋಕೆ ಹೊಡೆತದಲ್ಲಿ ಆ ಚೆಂಡು ಗೆರೆ ದಾಟಿದ್ರೆ ನಿಮ್ಮ ಸರದಿ ಅಲ್ಲಿಗೆ ಖಲಾಸ್. ಗೆರೆ ಒಳಗೇ ಇರಬೇಕು ಆದ್ರೆ ಅವನಿಗೆ ಕೆಲಸಕ್ಕೆ ಬಾರದ ಮೂಲೆಯಲ್ಲಿರಬೇಕು. ಶತ್ರುತ್ವದಲ್ಲೂ ಅಳತೆ ಬೇಕು ನೋಡಿ.

ಹೂಪ್ ದಾಟಿಸೋದು ಅಷ್ಟು ಕಷ್ಟನಾ?

ಚೆಂಡಿನ ಅಡ್ಡಳತೆ ಸುಮಾರು 92 ಮಿಲಿಮೀಟರ್, ತೂಕ 454 ಗ್ರಾಂ. ಕ್ಲಬ್ ಆಟದಲ್ಲಿ ಹೂಪಿನ ಒಳಗೆ ಚೆಂಡಿಗಿಂತ 3 ಮಿಲಿಮೀಟರ್ ಜಾಸ್ತಿ ಜಾಗ ಇರುತ್ತೆ, ಅಷ್ಟೇ. ದೊಡ್ಡ ಟೂರ್ನಮೆಂಟ್‌ನಲ್ಲಿ 1 ಮಿಲಿಮೀಟರಿಗಿಂತ ಕಮ್ಮಿ ಬಿಡ್ತಾರೆ. ಹೂಪು ದಪ್ಪ ಕಬ್ಬಿಣ, ನೆಲಕ್ಕೆ ಗಟ್ಟಿಯಾಗಿ ಬಡಿದಿರ್ತಾರೆ, ಅಲುಗಾಡಲ್ಲ. ಸ್ವಲ್ಪ ಓರೆ ಬಂದ್ರೂ ಚೆಂಡು ಎರಡು ಕಾಲಿನ ಮಧ್ಯೆ ಟಕಟಕ ಅಂತ ಬಡ್ಕೊಂಡು ಅಲ್ಲೇ ಸಿಕ್ಕಾಕೊಳ್ಳುತ್ತೆ, ಅರ್ಧ ಒಳಗೆ ಅರ್ಧ ಹೊರಗೆ. ಆಟಿಕೆ ಅಂಗಡಿ ಸೆಟ್‌ನ ತಂತಿ ಹೂಪ್ ನೋಡಿ ಇದು ಸುಲಭ ಅಂತ ಹೇಳೋರು ಇದನ್ನ ನೋಡಬೇಕು.

ಹೊಸಬರು ಪಳಗಿದವರ ಜೊತೆ ಆಡಿದ್ರೆ ಒಂದು ಚಾನ್ಸೂ ಸಿಗಲ್ವಲ್ಲ?

ಅದಕ್ಕೆ ಬಿಸ್ಕ್ ಇದೆ. ಬಿಸ್ಕತ್ತಲ್ಲ, ಬಿಸ್ಕ್. ಹ್ಯಾಂಡಿಕ್ಯಾಪ್, ಅಂದ್ರೆ ಆಟಗಾರನ ಮಟ್ಟ ತೋರಿಸೋ ಸಂಖ್ಯೆ, ಅದನ್ನ ನೋಡಿ ಹೊಸಬರಿಗೆ ಇಷ್ಟು ಎಕ್ಸ್‌ಟ್ರಾ ಸರದಿ ಅಂತ ಕೊಡ್ತಾರೆ, ಲೆಕ್ಕಕ್ಕೆ ಲಾನ್ ಪಕ್ಕ ಬಿಳಿ ಕಡ್ಡಿ ಚುಚ್ಚಿರ್ತಾರೆ, ಒಂದು ಬಳಸಿದ್ರೆ ಒಂದು ಕಡ್ಡಿ ಕಿತ್ತು ಹಾಕೋದು. ಇದರಿಂದ ಮೊಮ್ಮಗಳು ತಾತನ ಜೊತೆ ಆಡಿದ್ರೂ ಗೆಲ್ಲೋ ಚಾನ್ಸ್ ಇಬ್ಬರಿಗೂ ಇರುತ್ತೆ.

ಗಾಲ್ಫ್ ಕ್ರೋಕೆ ಅಂದ್ರೆ ಬೇರೆನಾ?

ಬೇರೆ, ಸುಲಭ, ಸ್ಪೀಡು. ಎಕ್ಸ್‌ಟ್ರಾ ಹೊಡೆತ ಇಲ್ಲ, ನೀಲಿ, ಕೆಂಪು, ಕಪ್ಪು, ಹಳದಿ ಅಂತ ಸರದಿ ಪ್ರಕಾರ ಒಂದೊಂದೇ ಹೊಡೆತ, ಎಲ್ಲರೂ ಒಂದೇ ಹೂಪಿಗೆ ಪೈಪೋಟಿ, ಯಾರು ಮೊದಲು ದಾಟಿಸ್ತಾರೋ ಅವರಿಗೆ ಪಾಯಿಂಟ್, ಎಲ್ಲರೂ ಮುಂದಿನ ಹೂಪಿಗೆ. 7 ಪಾಯಿಂಟ್ ಮೊದಲು ಬಂದವರು ಗೆದ್ರು. ಇದರಲ್ಲಿ ರಾಜರು ಯಾರು ಅಂದ್ಕೊಂಡ್ರಿ, ಈಜಿಪ್ಟ್‌ನವರು! ಬ್ರಿಟಿಷರು ಕೈರೋ ಕ್ಲಬ್‌ಗಳಲ್ಲಿ ಬಿಟ್ಟು ಹೋದ ಆಟನ ಅವರು ತಮ್ಮದೇ ಮಾಡ್ಕೊಂಡ್ರು, ದೂರದಿಂದ ಧಡಾರ್ ಅಂತ ಹೊಡೆದು ಎದುರಾಳಿ ಚೆಂಡು ಎಗರಿಸೋ ಸ್ಟೈಲ್ ಅವರದ್ದು. 1996ರಲ್ಲಿ ಗಾಲ್ಫ್ ಕ್ರೋಕೆಯ ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆದ್ದಿದ್ದೂ ಈಜಿಪ್ಟ್‌ನ ಖಾಲೆದ್ ಯೂನಿಸ್.

ಒಲಿಂಪಿಕ್ಸ್‌ನಲ್ಲಿ ಇತ್ತಾ?

ಒಂದೇ ಒಂದು ಸಲ, 1900, ಪ್ಯಾರಿಸ್. ಆಡಿದವರು ಹೆಚ್ಚುಕಮ್ಮಿ ಎಲ್ಲಾ ಫ್ರೆಂಚರೇ. ಟಿಕೆಟ್ ತಗೊಂಡು ನೋಡೋಕೆ ಬಂದಿದ್ದು ಒಬ್ಬನೇ ಒಬ್ಬ ಅಂತೆ, ನೀಸ್‌ನಿಂದ ಬಂದ ಒಬ್ಬ ಇಂಗ್ಲಿಷ್ ಮಹಾಶಯ. ನಗಬೇಡಿ, ಅದೇ ಕ್ರೋಕೆಯಲ್ಲಿ 3 ಜನ ಫ್ರೆಂಚ್ ಮಹಿಳೆಯರು ಆಡಿದ್ರು, ಒಲಿಂಪಿಕ್ಸ್‌ನಲ್ಲಿ ಆಡಿದ ಮೊಟ್ಟಮೊದಲ ಮಹಿಳೆಯರ ಸಾಲಲ್ಲಿ ಅವರೂ ಇದ್ದಾರೆ.

1904ರ ಸೇಂಟ್ ಲೂಯಿಸ್‌ನಲ್ಲಿ ಕ್ರೋಕೆ ಬದಲು 'ರೋಕ್' ಇತ್ತು. ಅದು ಅಮೆರಿಕನ್ನರ ಅವತಾರ, ಹುಲ್ಲಿನ ಬದಲು ಗಟ್ಟಿ ನೆಲ, ಸುತ್ತ ಗಿಡ್ಡ ಗೋಡೆ, ಚೆಂಡನ್ನ ಗೋಡೆಗೆ ಬಡಿದು ತಿರುಗಿಸಬಹುದು. ಹೆಸರು ಹೇಗೆ ಮಾಡಿದ್ರು ಗೊತ್ತಾ, ಇಂಗ್ಲಿಷಲ್ಲಿ ಕ್ರೋಕೆ ಬರೆದು ಮೊದಲ ಅಕ್ಷರ, ಕೊನೆ ಅಕ್ಷರ ಎರಡನ್ನೂ ಕತ್ತರಿಸಿದ್ರು, ಉಳಿದಿದ್ದು ರೋಕ್. ಆ ಒಲಿಂಪಿಕ್ಸ್‌ನಲ್ಲಿ ಆಡಿದವರೆಲ್ಲಾ ಅಮೆರಿಕದವರೇ, ಚಾರ್ಲ್ಸ್ ಜಾಕೋಬಸ್‌ಗೆ ಚಿನ್ನ. ಆಮೇಲೆ ಎರಡೂ ಒಲಿಂಪಿಕ್ಸ್ ಕಡೆ ತಲೆ ಹಾಕಿಲ್ಲ.

ಫ್ಲೆಮಿಂಗೋ ಹಕ್ಕಿ ಹಿಡ್ಕೊಂಡು ಆಡೋದು ಇದೇ ಆಟನಾ?

ಹೌದು, 'ಆಲಿಸ್ ಇನ್ ವಂಡರ್‌ಲ್ಯಾಂಡ್' ಅನ್ನೋ ಮಕ್ಕಳ ಕಥೆಯಲ್ಲಿ. ಫ್ಲೆಮಿಂಗೋನೇ ಮ್ಯಾಲೆಟ್, ಮುಳ್ಳುಹಂದಿ ಥರದ ಪುಟ್ಟ ಪ್ರಾಣಿನೇ ಚೆಂಡು, ಬಗ್ಗಿ ನಿಂತ ಸೈನಿಕರೇ ಹೂಪು. ಪುಸ್ತಕ ಬಂದಿದ್ದು 1865ರಲ್ಲಿ, ಕ್ರೋಕೆ ಹುಚ್ಚು ನೆತ್ತಿಗೇರಿದ್ದ ಟೈಮು. ಬರೆದ ಲೂಯಿಸ್ ಕ್ಯಾರಲ್ ಗಣಿತದ ಮೇಷ್ಟ್ರು, 1863ರಲ್ಲಿ ಕ್ರೋಕೆಗೆ ತನ್ನದೇ ಒಂದು ಹೊಸ ರೂಲ್ಸ್ ಸೆಟ್ ಬರೆದು ಅಚ್ಚು ಹಾಕಿಸಿದ್ದ, ಅದು ನಿಜವಾದ ಆಟಕ್ಕಿಂತ ತಲೆನೋವು.

ನಮ್ಮ ಕಡೆ ಆಡೋಕಾಗುತ್ತಾ?

ಪೂರ್ತಿ ಸೈಜ್ ಮೈದಾನ ಕನಸು ಬಿಡಿ, ಅಷ್ಟು ಸಮತಟ್ಟಾದ ಹುಲ್ಲು ಇದ್ರೆ ನಮ್ಮವರು ಮೂರು ಸ್ಟಂಪ್ ನೆಟ್ಟುಬಿಡ್ತಾರೆ. ಆದ್ರೆ ಅಪಾರ್ಟ್‌ಮೆಂಟ್ ಲಾನ್, ತೋಟದ ಮನೆ ಮುಂದಿನ ಜಾಗದಲ್ಲಿ ಗಾಲ್ಫ್ ಕ್ರೋಕೆ ಆರಾಮಾಗಿ ಆಡಬಹುದು, ಅಳತೆನ ಅರ್ಧ ಮಾಡ್ಕೊಳ್ಳಿ. ಆನ್‌ಲೈನ್‌ನಲ್ಲಿ ಸಿಗೋ ಅಗ್ಗದ ಸೆಟ್‌ಗಳಲ್ಲಿ ತಂತಿ ಹೂಪು ಚೆಂಡು ತಾಗಿದ್ರೆ ವಾಲುತ್ತೆ, ಅದನ್ನ ಎಸೆದು ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಕಬ್ಬಿಣದ ಸರಳು ಬಗ್ಗಿಸಿಸಿ ಮಾಡಿಸ್ಕೊಳ್ಳಿ, ನೆಲದಿಂದ 12 ಇಂಚು ಎತ್ತರ, ಹೂತು ಹಾಕೋಕೆ ಇನ್ನೊಂದಷ್ಟು ಬಿಡಿ. ಮಳೆ ಬಂದ ಮಾರನೇ ದಿನ ಆಡಬೇಡಿ, ಚೆಂಡು ಓಡಲ್ಲ, ಲಾನೂ ಹಾಳು, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿ ಬಾಯಿಗೆ ಸಿಕ್ಕಾಕೋತೀರಾ.

ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಇರೋ ಕನ್ನಡದವರಿಗೆ ಇದು ಸುಲಭ, ಅಲ್ಲಿ ಎಷ್ಟೋ ಸಣ್ಣ ಊರಲ್ಲೂ ಕ್ಲಬ್ ಇರುತ್ತೆ, ಹೊಸಬರಿಗೆ ಮ್ಯಾಲೆಟ್ ಅವರೇ ಕೊಡ್ತಾರೆ, ಚಪ್ಪಟೆ ಅಡಿಯ ಶೂ ಹಾಕ್ಕೊಂಡು ಹೋದ್ರೆ ಸಾಕು. ಊರಿಂದ ಅಪ್ಪ ಅಮ್ಮ ಬಂದಾಗ ಕರ್ಕೊಂಡು ಹೋಗಿ, ಓಡೋದಿಲ್ಲ, ಹಾರೋದಿಲ್ಲ, ಲೆಕ್ಕಾಚಾರ ಮಾತ್ರ.

ಕೊನೇದಾಗಿ, 'ಟ್ರಿಪಲ್ ಪೀಲ್' ಅಂತ ಕೇಳಿದ್ದೆ, ಏನದು?

ನಿಮ್ಮ ಹೊಡೆತದಿಂದ ಬೇರೆ ಚೆಂಡನ್ನ ಅದರ ಹೂಪ್ ದಾಟಿಸೋದಕ್ಕೆ ಪೀಲ್ ಅಂತಾರೆ. ಸಿಪ್ಪೆ ಸುಲಿಯೋದಲ್ಲ, ವಾಲ್ಟರ್ ಪೀಲ್ ಅನ್ನೋ ಆಟಗಾರನ ಹೆಸರು ಅದು, 19ನೇ ಶತಮಾನದ ಕೊನೆಗೆ ಇಂಗ್ಲೆಂಡಲ್ಲಿ ಸತ್ತೇ ಹೋಗಿದ್ದ ಆಟನ ಮತ್ತೆ ಎಬ್ಬಿಸಿ ಕ್ರೋಕೆ ಅಸೋಸಿಯೇಷನ್ ಕಟ್ಟೋದ್ರಲ್ಲಿ ಮುಂದೆ ನಿಂತವನು. ಟ್ರಿಪಲ್ ಪೀಲ್ ಅಂದ್ರೆ ಒಂದೇ ಸರದಿಯಲ್ಲಿ ನಿಮ್ಮ ಒಂದು ಚೆಂಡಿನ ಹೂಪ್‌ಗಳನ್ನ ಮುಗಿಸ್ತಾ ಜೊತೆಜೊತೆಗೇ ಇನ್ನೊಂದು ಚೆಂಡಿನ ಕೊನೇ 3 ಹೂಪನ್ನೂ ದಾಟಿಸಿ ಎರಡನ್ನೂ ಗೂಟಕ್ಕೆ ಬಡಿಯೋದು. ಟಾಪ್ ಆಟಗಾರರಿಗೆ ಇದು ದಿನನಿತ್ಯದ ಕೆಲಸ, 6 ಹೂಪ್ ದಾಟಿಸೋ ಸೆಕ್ಸ್‌ಟ್ಯೂಪಲ್ ಕೂಡ ಮಾಡ್ತಾರೆ. ಯೂಟ್ಯೂಬಲ್ಲಿ ವಿಡಿಯೋ ಇದೆ, ಮೊದಲನೇ ಸಲ ನೋಡುವಾಗ ಯಾವ ಬಣ್ಣದ ಚೆಂಡು ಯಾವ ಹೂಪಿಗೆ ಅಂತ ಗೊತ್ತಾಗಲ್ಲ, ಹೂಪಿಗೆ ಸಿಕ್ಕಿಸಿರೋ ಬಣ್ಣದ ಕ್ಲಿಪ್ ನೋಡ್ತಾ ಹೋಗಿ, ಆ ಬಣ್ಣದ ಚೆಂಡು ಮುಂದೆ ದಾಟಬೇಕಾದ ಹೂಪ್ ಅದೇ.